ಒಂದೇ ದಿನ ತೆರೆದ ಪಿಂಚಣಿ ಖಾತೆ

ಹೊನ್ನಾಳಿ ಬಸ್ ನಿಲ್ದಾಣದಲ್ಲಿ ನನ್ನ ಮುಂದಿನ ಬೆಂಚಿನ ಮೇಲೆ ಒಂದೇ ಖಾಸಗಿ ಶಾಲೆಯ ಇಬ್ಬರು ಟೀಚರುಗಳು ಮೊಬೈಲಿನಲ್ಲಿ ತಮ್ಮ ಪಿಂಚಣಿ ಖಾತೆ ತೆರೆದು ಕೂತಿದ್ದರು.

“ಶಾಂತಲಾ, ನಿಂದು ಎಷ್ಟು ಬೆಳೆದೈತೆ?”

“ವರ್ಷಕ್ಕೆ ಹನ್ನೊಂದು ಪರ್ಸೆಂಟ್. ನಿಮ್ದು, ಸಂಧ್ಯಕ್ಕ?”

“ಆರು. ಇಬ್ರೂ ಒಂದೇ ದಿನ ಖಾತೆ ತೆಗೆಸಿದ್ವಲ್ಲೇ, ಇದು ಹೆಂಗೆ?”

“ನಡುವೆ ಸ್ಕೀಮ್ ಬದಲಾಯಿಸಿದ್ರೇನು?”

“ಮೂರು ಸಲ. ಮಾರ್ಕೆಟ್ ಬಿದ್ದಾಗೆಲ್ಲ ಬದಲಾಯಿಸ್ರಿ, ಬದಲಾಯಿಸ್ರಿ ಅಂತ ಸ್ಟಾಫ್ ರೂಮಿನಾಗೆ ನನ್ನ ತಲೆ ತಿಂದೋಳು ನೀನೇ ಅಲ್ಲೇನು?”

“ಹೌದು, ಹೇಳಿದ್ದೆ.”

“ಮತ್ತೆ ನೀನ್ಯಾಕೆ ಬದಲಾಯಿಸ್ಲಿಲ್ಲ?”

“ಬದಲಾಯಿಸಾಕೆ ಹೋದೆ ಕಣ್ರೀ. ಪಾಸ್‌ವರ್ಡ್ ಮರ್ತೋಗಿತ್ತು.”

ನ್ಯಾಮತಿ ಬಸ್ ಬಂತು. ಶಾಂತಲಾ ಕಿಟಕಿಯಿಂದ ಕರ್ಚೀಫ್ ಹಾಕಿ ಇಬ್ಬರಿಗೂ ಸೀಟು ಹಿಡಿದರು. ಸಂಧ್ಯಾರಾಣಿ ಹಿಂದಿನ ಬಾಗಿಲಲ್ಲಿ ಹತ್ತಿ, ಕಂಬಿ ಹಿಡಿದು ನಿಂತೇ ಹೊರಟರು.