ಕೆಂಪಾದ ಪಟ್ಟಿ

ವಿಮಾನ ರಿಪೇರಿ ಶೆಡ್ಡಿನ ಬಳಿ ಬಸ್ಸು ಹತ್ತಿದ ಇಬ್ಬರು ನನ್ನ ಮುಂದಿನ ಸೀಟಿನಲ್ಲಿ ಕೂತರು. ನಡುವಯಸ್ಸಿನ ಮೆಕ್ಯಾನಿಕ್, ಜೊತೆಗೆ ಅಲ್ಲೇ ತರಬೇತಿಗೆ ಬರುತ್ತಿದ್ದ ಅವನ ಅಕ್ಕನ ಮಗಳು.

“ಮಾವ, ವಿಮಾನದ ಟಾಯ್ಲೆಟ್ ನೆಲದಡಿ ನಾವು ಅಂಟಿಸಿದ್ದ ಪಟ್ಟಿ ಎಲ್ಲಿ?”

“ಕಿತ್ತು ಬಿಸಾಕಿದ್ರು ಕಣೇ.”

“ಯಾಕೆ? ನೀರು ಸೋರಿದ್ರೆ ಕೆಂಪಾಗ್ಲಿ ಅಂತ ನಮ್ಮ ಕ್ಲಾಸಿನವರೆಲ್ಲ ಎಂಟು ತಿಂಗಳು ಕೂತು ಮಾಡಿದ್ದು. ಕೆಂಪಾಗಿತ್ತಾ?”

“ಆಗಿತ್ತು.”

“ಅಂದ್ರೆ ಹೊಲಸು ನೀರು ಕೆಳಗಿನ ತೊಲೆನ ತಿಂತಾ ಇದೆ. ನೆಲ ಬಿಚ್ಚಿ ನೋಡಿದ್ರಾ?”

“ಬಿಚ್ಚಿದ್ರೆ ಎರಡು ದಿನ ಹಿಡಿಯುತ್ತೆ. ಐದು ಗಂಟೆಗೆ ಅದು ಹಾರ್ಬೇಕು. ಮಕ್ಕಳ ಆಟಿಕೆ ನಂಬ್ಕೊಂಡು ವಿಮಾನ ನಿಲ್ಲಿಸ್ತಾರಾ ಅಂದ್ರು ಸಾಹೇಬ್ರು.”

“ಥೂ! ಮೊನ್ನೆ ಅದೇ ಆಟಿಕೆ ಹಿಡ್ಕೊಂಡು ಹಲ್ಲು ಕಿರಿದು ಫೋಟೋ ತೆಗೆಸ್ಕೊಂಡ್ರಲ್ಲ! ಥರ್ಮಾಮೀಟರ್ ಮುರಿದ್ರೆ ಜ್ವರ ಬಿಡುತ್ತಾ?”

ಅವನು ಕಿಟಕಿಯ ಕಡೆ ತಿರುಗಿದ.

“ನೆಲ ಪರೀಕ್ಷೆ ಮಾಡಿದೆ, ಸರಿಯಾಗಿದೆ ಅಂತ ಸಹಿ ಹಾಕಿದ್ದು ಯಾರು?”

ಅವನು ಕೈಯಲ್ಲಿದ್ದ ಬಸ್ ಟಿಕೆಟ್ಟನ್ನು ಮಡಿಸತೊಡಗಿದ.

“ಮಾವ?”

“ನಾನೇ.”

ಅವನಿಗೆ ತಾಗಿಕೊಂಡಿದ್ದ ಭುಜವನ್ನು ಅವಳು ಥಟ್ಟನೆ ಸರಿಸಿಕೊಂಡಳು.

“ನಿಮ್ಮನ್ನ ನೋಡಿ ನಾನು ಈ ಕೆಲಸಕ್ಕೆ ಬಂದೆ. ಈಗ ಪಕ್ಕದಲ್ಲಿ ಕೂರೋಕೂ ಅಸಹ್ಯ ಆಗ್ತಿದೆ.”

“ಮೇಲಿನವರು ಹೇಳಿದ್ಮೇಲೆ ನಾನೇನ್ಮಾಡ್ಲಿ?”

“ಈಗ ಮೂರೂವರೆ. ವಾಪಸ್ ಹೋಗಿ ಆ ಸಹಿ ರದ್ದು ಮಾಡ್ತೀರೋ, ಇಲ್ಲ ನಾನೇ ಹೋಗಿ ಎಲ್ಲರ ಮುಂದೆ ಹೇಳ್ಲೋ?”

ಮುಂದಿನ ನಿಲ್ದಾಣ ಬಂದಾಗ ಅವನೇ ಮೊದಲು ಎದ್ದ. ಇಬ್ಬರೂ ಇಳಿದು ರಸ್ತೆ ದಾಟಿದರು. ಶೆಡ್ಡಿನ ಕಡೆ ಹೋಗುವ ಬಸ್ಸಿಗೆ ಅವನು ಕೈ ಅಡ್ಡ ಹಿಡಿದ. ಅವಳು ಮಾತ್ರ ಅವನಿಂದ ಒಂದು ಮಾರು ದೂರವೇ ನಿಂತಿದ್ದಳು.