ಬೆಡ್‌ಫೋರ್ಡ್ ಗಾಡಿಯ ಇಂಜಿನ್ ನಂಬರು ಸವೆದ ಬಗ್ಗೆ

ಹೆಸರು: ಬಸವಲಿಂಗ ತೋಟಪ್ಪ ಹಾಲಭಾವಿ. ವಯಸ್ಸು: 54. ಉದ್ಯೋಗ: ಹಳೆಯ ವಾಹನಗಳ ಖರೀದಿ ಮತ್ತು ಮಾರಾಟ. ಮೂಲ ಊರು: ಬೈಲಹೊಂಗಲ. ಹಾಲಿ ವಾಸ ಮತ್ತು ಅಂಗಡಿ: ಕೋಥರೂಡ, ಪುಣೆ, 1973ರಿಂದ.

ಹಿರೇಹೊಳೆ ಗಡಿ ಠಾಣೆಯ ಎ.ಎಸ್.ಐ. ಪ್ರಲ್ಹಾದ ಕುಲಕರ್ಣಿ ಅವರು ಈ ದಿನ ಬೆಳಿಗ್ಗೆ 9-20ಕ್ಕೆ ನನ್ನ ಅಂಗಡಿಗೆ ಬಂದು ವಿಚಾರಿಸಲಾಗಿ, ನಾನು ಈ ಮೂಲಕ ತಿಳಿಸುವುದೇನೆಂದರೆ, ಸದರಿ ಗಾಡಿಗೆ ನನಗೆ ತಗುಲಿದ ಖರ್ಚು ಹೀಗಿರುತ್ತದೆ. ಲಿಲಾವಿನಲ್ಲಿ, ಅಂದರೆ ಹರಾಜಿನಲ್ಲಿ, ಗಾಡಿ 22,000. ಬೇರೆ ಇಂಜಿನ್ 14,500. ಅದನ್ನು ಕೂಡಿಸಿದ ಸಾಮಾನು ಮತ್ತು ಮಜೂರಿ 17,200. ಒಳಗಿನ ಕಟ್ಟಿಗೆ ಕೆಲಸ, ಗಾದಿ, ನೀರಿನ ಟಾಕಿ 31,000. ಟಾಯರು, ಬಣ್ಣ 18,300. ಒಟ್ಟು ಒಂದು ಲಕ್ಷ ಮೂರು ಸಾವಿರ ರೂಪಾಯಿ. ಇಂಜಿನ್ ಬದಲಾದದ್ದನ್ನು ಆರ್.ಸಿ. ಪುಸ್ತಕದಲ್ಲಿ ಬರೆಸಲು ಏಜೆಂಟನು 2,600 ಕೇಳಿದ್ದನು. ಅದನ್ನು ನಾನು ಖರ್ಚು ಮಾಡಲಿಲ್ಲ. ಇಷ್ಟೆಲ್ಲ ಆದದ್ದು ಆ 2,600ರಿಂದ.

ಸದರಿ ಗಾಡಿಯು 1964ರ ವಿಲಾಯತಿ ಬೆಡ್‌ಫೋರ್ಡ್ ವ್ಯಾನ್. ಒಳಗೆ ಮಲಗಲು ಎರಡು ಹಲಗೆ, ಸ್ಟೋವ್ ಇಡಲು ಕಟ್ಟೆ, ಮೇಲಕ್ಕೆ ಎತ್ತಬಹುದಾದ ಟಪ್ಪು, ಅಂದರೆ ಚಾವಣಿ, ಇರುತ್ತದೆ. ಸರ್ಕಸ್ ಕಂಪನಿಯ ಮಾಲೀಕನೊಬ್ಬ ಊರೂರಿಗೆ ಇದರಲ್ಲೇ ಸಂಸಾರ ಹೂಡುತ್ತಿದ್ದನು. ಕಂಪನಿ ಮುಳುಗಿ ದಿನಾಂಕ 14-12-1996ರಂದು ಹಡಪಸರದ ಬಯಲಿನಲ್ಲಿ ಲಿಲಾವು ಆಯಿತು. ಹುಲಿಯ ಪಂಜರಕ್ಕೆ ಏಳು ಜನ ಕೂಗಿದರು. ಈ ಗಾಡಿಗೆ ನಾನೊಬ್ಬನೇ. ಪಾಪ ಅನ್ನಿಸಿತೋ ಏನೋ, ಆನೆ ನಿಲ್ಲುವ ಸ್ಟೂಲೊಂದನ್ನು ಕೊಸರು ಕೊಟ್ಟರು.

ಇಂಜಿನ್ ಜಾಮ್ ಆಗಿದ್ದರಿಂದ ಹಗ್ಗ ಕಟ್ಟಿ 12 ಕಿ.ಮೀ. ಎಳೆದು ಕಾತ್ರಜದ ಮುರುಗೆಪ್ಪ ಮಿಸ್ತ್ರಿಯವರ ಗ್ಯಾರೇಜಿಗೆ ತಂದೆನು. ಇವರು ಹುಕ್ಕೇರಿ ಕಡೆಯವರು, ಈಗ ವಯಸ್ಸು 61. ತಗಡಿನ ಪತ್ರಾಸಿನ ಶೆಡ್ಡು, ಒಂದು ದೀಪ, ಬೋರ್ಡು ಸಹ ಇಲ್ಲ. ಅವರು ಬಾನೆಟ್ಟಿನ ಮೇಲೆ ಕೈ ಇಟ್ಟು, ಜೀವ ಹೋಗೇದ್ರಿ ಸಾವ್ಕಾರ್ರ, ಆದರ ಮೈ ಗಟ್ಟಿ ಅದ, ಬ್ಯಾರೆ ಜೀವ ಹಾಕೂಣು ಅಂತಾ ಹೇಳಿದರು.

ದಿನಾಂಕ 12-2-1997ರಂದು ಬುಧವಾರ ನಾವಿಬ್ಬರೂ ಹಳೆ ಸಾಮಾನು ಮಾರುವ ಜುನಾ ಬಾಜಾರಿಗೆ ಹೋಗಿ, ಮೋಡಕಿಗೆ, ಅಂದರೆ ಗುಜರಿಗೆ, ಬಿದ್ದ ಮೆಟಡೋರಿನ ಡೀಸೆಲ್ ಇಂಜಿನ್ ಖರೀದಿಸಿದೆವು. ರೊಕ್ಕ ಕೊಟ್ಟದ್ದಕ್ಕೆ ಪಾವತಿ ಚೀಟಿ ತೆಗೆದುಕೊಂಡೆನು. ಪಾವತಿಯ ಮೇಲೆ ಇಂಜಿನ್ ನಂಬರು ಬರೆದಿರುತ್ತದೆ.

ಮುಂದಿನ 86 ದಿನ ಮಿಸ್ತ್ರಿಯವರು ಮಾಡಿದ ಕೆಲಸವನ್ನು ನಾನು ಖುದ್ದಾಗಿ ನೋಡಿರುತ್ತೇನೆ. ಇಂಗ್ಲಿಷ್ ಗೇರ್‌ಬಾಕ್ಸಿಗೂ ನಮ್ಮ ಇಂಜಿನಿಗೂ ಒಂದು ಬೋಲ್ಟೂ ಕೂಡುತ್ತಿರಲಿಲ್ಲ. ಅವರು ರಟ್ಟಿನಲ್ಲಿ ಕತ್ತರಿಸಿ, ಆಮೇಲೆ ಕಟ್ಟಿಗೆಯಲ್ಲಿ ಕತ್ತರಿಸಿ, ಕೊನೆಗೆ ಅರ್ಧ ಇಂಚಿನ ಕಬ್ಬಿಣದಲ್ಲಿ ನಡುವಿನ ತಟ್ಟೆಯನ್ನು ಮಾಡಿದರು. ಡೀಸೆಲ್ ಇಂಜಿನಿಗೆ ಗಾಡಿ ಗಡಗಡ ನಡುಗಿತು. ಅವರು ಎರಡು ದಿನ ಸುಮ್ಮನೆ ಕೂತರು. ಮೂರನೆಯ ದಿನ ಆನೆಯ ಸ್ಟೂಲನ್ನು ಮಗುಚಿ, ಅದರ ಕಾಲಿನ ದಪ್ಪ ರಬ್ಬರ್ ಕೊಯ್ದು ಇಂಜಿನಿನ ಕೆಳಗೆ ಕೂರಿಸಿದರು. ನಡುಕ ನಿಂತಿತು. ಆನೀ ಭಾರ ತಡದಿದ್ದು ಇದನ್ನ ತಡೀದಿರತದೇನ್ರಿ ಅಂತಾ ಕೇಳಿದರು. ಅವರ ಸ್ವಂತ ಮಜೂರಿ 9,000. ಹೆಚ್ಚು ಕೇಳಲಿಲ್ಲ. ನಾನೂ ಕೊಡಲಿಲ್ಲ.

ದಿನಾಂಕ 9-5-1997ರಂದು ಕೆಲಸ ಮುಗಿಯಿತು. ಅದೇ ದಿನ ಮಿಸ್ತ್ರಿಯವರು ಇಂಜಿನ್ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು, ಕೆಳಗೆ ಸಹಿ ಮಾಡಿ, ಆರ್.ಟಿ.ಓ.ಗೆ ಕೊಡಲು ನನ್ನ ಕೈಗೆ ಕೊಟ್ಟರು. ನಾನು ಫೈಲಿನಲ್ಲಿ ಇಟ್ಟೆನು. ಅಲ್ಲಿಯೇ ಇಟ್ಟುಬಿಟ್ಟೆನು. ಮರುದಿನ ಐದು ಜನ ಕೂತು ಕಾತ್ರಜ ಘಾಟನ್ನು ಮೂರನೇ ಗೇರಿನಲ್ಲಿ ಹತ್ತಿದೆವು. ಆ ಗುಂಗಿನಲ್ಲಿ ಆರ್.ಸಿ. ಪುಸ್ತಕ ಯಾರಿಗೆ ನೆನಪಾಗಬೇಕು.

ಅದೇ ವರ್ಷ ದಿನಾಂಕ 10-10-1997 ಖಂಡೆನವಮಿ. ನಮ್ಮವರು ಅಂದು ಗಾಡಿ, ಹತಾರು ಪೂಜೆ ಮಾಡುತ್ತೇವೆ. ಮಿಸ್ತ್ರಿಯವರು ತಾವು ಜೀವ ಹಾಕಿದ ಪ್ರತಿ ಗಾಡಿಯ ಬಳಿಗೆ ಅಂದು ತಾವೇ ಹೋಗುತ್ತಾರೆ. ಇಂಜಿನಿನ ಮೇಲೆ ಸಪಾಟಾದ ಒಂದು ಜಾಗ ಹುಡುಕಿ, ಎಣ್ಣೆ ಜಿಡ್ಡಿನ ಮೇಲೆ ವಿಭೂತಿ ಹತ್ತುವುದಿಲ್ಲವೆಂದು ಅದನ್ನು ಪಾಲಿಶ್ ಕಾಗದದಿಂದ ಬಿಳಿ ಕಬ್ಬಿಣ ಕಾಣುವವರೆಗೆ ಉಜ್ಜಿ, ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಾರೆ. ಈ ಇಂಜಿನಿನಲ್ಲಿ ಕೈಗೆ ಸಿಗುವ ಸಪಾಟು ಜಾಗ ಒಂದೇ. ನಂಬರು ಹೊಡೆದ ಜಾಗ.

ಅಂದು ಅವರು ಉಜ್ಜುವ ಮೊದಲು, ಆ ಕಾಗದ ಕೊಟ್ಟಿರೇನ್ರಿ ಸಾವ್ಕಾರ್ರ, ನಂಬರು ಪುಸ್ತಕಕ್ಕ ಹತ್ತೇತೇನ್ರಿ ಅಂತಾ ನನ್ನನ್ನು ಕೇಳಿದರು. ಹತ್ತೇತ್ರಿ, ಉಜ್ಜರಿ ಅಂತಾ ನಾನು ಹೇಳಿದೆನು. ಇದು ಸುಳ್ಳು ಇರುತ್ತದೆ. ನನ್ನ ಮಾತು ನಂಬಿ ಅವರು 1997ರಿಂದ ಈ ವರ್ಷದವರೆಗೆ ಏಳು ಖಂಡೆನವಮಿ ಉಜ್ಜಿದರು. ಮೂರನೆಯ ವರ್ಷದಿಂದ ನಂಬರು ಮಾಸುತ್ತಿದ್ದುದನ್ನು ನಾನು ನೋಡಿಯೂ ಸುಮ್ಮನಿದ್ದೆನು.

ದಿನಾಂಕ 16-11-2003ರಂದು ಬೆಳಿಗ್ಗೆ 10-30ಕ್ಕೆ ಧಾರವಾಡದ ಉಮಾವತಿ ಎಂಬವರು, ವಯಸ್ಸು 59, ನಿವೃತ್ತ ಭೂಗೋಳ ಶಿಕ್ಷಕಿ, ಗಾಡಿ ನೋಡಲು ಬಂದರು. ಮೂವತ್ತೊಂದು ವರ್ಷ ನಕಾಶದ ಮ್ಯಾಲೆ ಕೋಲು ಇಟ್ಟು ನರ್ಮದಾ ತೋರಿಸೀನಿ, ಈಗ ಕಾಲಿಟ್ಟು ನೋಡತೀನಿ ಅಂತಾ ತಿಳಿಸಿದರು. ಗಾಡಿ ತಾವೇ ಓಡಿಸುತ್ತಾರೆ. ಬಾನೆಟ್ ತೆಗೆಯಿರಿ ಅಂತಾ ಹೇಳಲಿಲ್ಲ. ಇಂಜಿನ್ ಚಾಲೂ ಇಡ್ರಿ ಅಂತಾ ಹೇಳಿ, ಒಳಗೆ ಹೋಗಿ ಹಲಗೆಯ ಮೇಲೆ ಸೆರಗು ಹೊದ್ದು ಮಲಗಿದರು. 20 ನಿಮಿಷ ಹೊರಗೆ ಬರಲಿಲ್ಲ. ನಾನು ಇಣುಕಿ ನೋಡಲಾಗಿ ನಿದ್ದೆ ಹೋಗಿದ್ದರು. ಎದ್ದವರೇ, ಯಾರ್ರಿ ನಿಮ್ಮ ಮಿಸ್ತ್ರಿ, ಅವರ ಹೆಸರು ಬರದು ಕೊಡ್ರಿ ಅಂತಾ ಕೇಳಿದರು. ಇಂಥ ಪರೀಕ್ಷೆ ನನ್ನ ಧಂಧೆಯಲ್ಲಿ ಮತ್ಯಾರೂ ಮಾಡಿರುವುದಿಲ್ಲ.

ನಾನು 1,85,000 ಹೇಳಿದೆನು. ಒಂದು ತಾಸು ಮಾತಾಡಿದೆನು. ಅವರು ಪೂರ್ತಿ ಕೇಳಿ, ಪಾಠ ಚಲೋ ಒಪ್ಪಿಸಿದ್ರಿ, ಕೂಡ್ರರಿ ಅಂತಾ ಹೇಳಿ 1,52,000ಕ್ಕೆ ಮುಗಿಸಿದರು. ಆರ್.ಸಿ. ಪುಸ್ತಕ ಓದಿ, ಡೀಸೆಲ್ ಗಾಡಿಗೆ ಪೆಟ್ರೋಲ್ ಅಂತ ಯಾಕ ಅದ ಅಂತಾ ಕೇಳಿದ್ದಕ್ಕೆ, ಅಕ್ಕಾವರ, ಹೊಸಾ ಪುಸ್ತಕ ಹದಿನೈದು ದಿನದಾಗ ಟಪಾಲಿಗೆ ಬರತದ ಅಂತಾ ನಾನು ಹೇಳಿದೆನು. ಇದು ಎರಡನೆಯ ಸುಳ್ಳು. ಅವರು 1,50,000 ಎಣಿಸಿ ಕೊಟ್ಟು, ಪುಸ್ತಕ ಬರುವವರೆಗೆ 2,000 ತಮ್ಮಲ್ಲೇ ಇಟ್ಟುಕೊಂಡರು. ಸರಿಯಾಗಿಯೇ ಇಟ್ಟುಕೊಂಡರು.

ದಿನಾಂಕ 23-11-2003ರಂದು ಅವರು ಗಾಡಿ ಒಯ್ಯುವಾಗ ಬೆಳಿಗ್ಗೆ 11-40ಕ್ಕೆ ಹಿರೇಹೊಳೆ ನಾಕಾದಲ್ಲಿ ತಪಾಸಣೆ ಆಯಿತು. ಪುಸ್ತಕದಲ್ಲಿ ಒಂದು ಇಂಜಿನ್, ಗಾಡಿಯಲ್ಲಿ ಇನ್ನೊಂದು, ಅದರ ನಂಬರು ಉಜ್ಜಿದ್ದು. ಕಳವಿನ ಮಾಲೆಂಬ ಸಂಶಯದಿಂದ ಗಾಡಿ ತಡೆದರು. ಉಮಾವತಿ ಅಕ್ಕಾವರ ಬಳಿ ಇದ್ದ ಚೀಟಿಯಲ್ಲಿ ಮಿಸ್ತ್ರಿಯವರ ಹೆಸರು ಸಿಕ್ಕಿ, 25ರಂದು ಅವರನ್ನು ವಿಚಾರಣೆಗೆ ಕರೆದೊಯ್ದರು. ನಂಬರು ಉಜ್ಜಿದವರು ಯಾರೆಂದು ಕೇಳಲಾಗಿ ಅವರು, ನಾನಽ ಉಜ್ಜೀನ್ರಿ ಅಂತಾ ಒಪ್ಪಿಕೊಂಡರಂತೆ. ಕಾಗದದ ಜವಾಬ್ದಾರಿ ಯಾರದೆಂದು ಕೇಳಿದ್ದಕ್ಕೆ, ಕೈ ನನ್ನದು, ಕೇಳೂದಿದ್ರ ನನ್ನ ಕೇಳ್ರಿ ಅಂತಾ ಹೇಳಿದರೇ ಹೊರತು ನನ್ನ ಹೆಸರು ತೆಗೆಯಲಿಲ್ಲವೆಂದು ಎ.ಎಸ್.ಐ. ಅವರೇ ಈಗ ನನಗೆ ತಿಳಿಸಿದರು.

ನಿನ್ನೆ 26ರಂದು ಬೆಳಿಗ್ಗೆ 7-40ಕ್ಕೆ ಅಕ್ಕಾವರು ಫೋನ್ ಮಾಡಿದರು. ನಿಮ್ಮ ಮಿಸ್ತ್ರಿ ಠಾಣೆದಾಗ ಕೂತಾನ್ರಿ, ಗಾಡಿ ನಿಂತಲ್ಲೇ ನಿಂತ್ರ ಬ್ಯಾಟರಿ ಇಳೀತದ, ವೈರ್ ಬಿಚ್ಚಿ ಇಡ್ರಿ ಅಂತ ಪೊಲೀಸರಿಗೇ ಹೇಳಿ ಬಿಚ್ಚಿಸ್ಯಾನ ಅಂದರು. ರೊಕ್ಕ ವಾಪಸ್ ಕೊಡುತ್ತೇನೆ ಅಂದೆನು. ರೊಕ್ಕ ಯಾರಿಗೆ ಬೇಕು, ಮೊದಲ ಆ ಮನಶಾನ್ನ ಬಿಡಸ್ರಿ, ಆಮ್ಯಾಲೆ ಗಾಡಿ ಅಂತಾ ಹೇಳಿ ಫೋನ್ ಇಟ್ಟರು.

ಫೈಲನ್ನು ನನ್ನ ಹೆಂಡತಿ ಶಿವಗಂಗವ್ವ ಹುಡುಕಿ ಕೊಟ್ಟಳು. ಎರಡು ಸಾವಿರದ ಆರುನೂರು ಉಳಿಸಿದ್ರಲ್ಲ, ಈಗ ಎಣಿಸಿಕೋರಿ ಅಂತಾ ಅಂದಳು. ಪೆನ್ಸಿಲ್ ಅಚ್ಚಿನ ಕಾಗದ ಮತ್ತು ಜುನಾ ಬಾಜಾರಿನ ಪಾವತಿ ಎರಡನ್ನೂ ಹಾಜರುಪಡಿಸಿದ್ದೇನೆ. ಎರಡರಲ್ಲೂ ನಂಬರು ಒಂದೇ. ಇಂಜಿನಿನಲ್ಲಿ ಕೊನೆಯ ಮೂರು ಅಂಕಿ, 418, ಪೈಪಿನ ಮರೆಯಲ್ಲಿ ಕೈ ತಲುಪದೆ ಉಳಿದಿರುತ್ತವೆ. ಅವೂ ಇದಕ್ಕೆ ತಾಳೆಯಾಗುತ್ತವೆ. ಈ ಕಾಗದದಿಂದ ಮಿಸ್ತ್ರಿಯವರು ಕಳ್ಳರಲ್ಲವೆಂದು ಸಾಬೀತಾಗುತ್ತದೆ. ಆರೂವರೆ ವರ್ಷ ಕಾಗದ ಕೈಯಲ್ಲಿಟ್ಟುಕೊಂಡು ನಾನು ಕೊಡಲಿಲ್ಲವೆಂಬುದೂ ಸಾಬೀತಾಗುತ್ತದೆ. ಇದು ತಿಳಿದೇ ಕೊಟ್ಟಿರುತ್ತೇನೆ. ದಂಡ, ಕೇಸು ಏನಿದ್ದರೂ ನನ್ನ ಹೆಸರಿಗೆ ಬರೆಯಬೇಕು, ಅವರನ್ನು ಬಿಡಬೇಕು.

ಯಾರಿಗೆ ಏನು ಸಿಕ್ಕಿತೆಂದರೆ: ಬಾಜಾರಿನವನಿಗೆ 14,500. ಅಕ್ಕಾವರಿಗೆ ನಿದ್ದೆ ಬರುವ ಗಾಡಿ ಮತ್ತು ನನ್ನ 2,000. ನನಗೆ 47,000. ಮುರುಗೆಪ್ಪ ಮಿಸ್ತ್ರಿಯವರಿಗೆ 9,000 ಮತ್ತು ಎರಡು ರಾತ್ರಿ ಠಾಣೆಯ ಬೆಂಚು. ಆ ಬೆಂಚು ನನ್ನ ಬಾಬ್ತಿನದು, ಅವರ ಹೆಸರಿಗೆ ಹತ್ತಿರುತ್ತದೆ.

ಬರೆದದ್ದನ್ನು ಎ.ಎಸ್.ಐ. ಅವರು ಓದಿ ಹೇಳಿದರು. ಎರಡು ಸುಳ್ಳುಗಳನ್ನು ಸುಳ್ಳೆಂದೇ ಬರೆಯಲಾಗಿದೆ, ಉಳಿದದ್ದೆಲ್ಲ ನಿಜವಿರುತ್ತದೆ.

ಸ್ಥಳ: ಕೋಥರೂಡ, ಪುಣೆ
ದಿನಾಂಕ: 27-11-2003
ಸಹಿ: ಬ. ತೋ. ಹಾಲಭಾವಿ