ನೀರು ನೋಡೀಯೇನಲೇ?

ಹಾನಗಲ್ಲಿನ ಅಕ್ಕಿ ಗಿರಣಿಯ ತಗಡಿನ ಮೇಲೆ ಮಳೆ ಧೋ ಎಂದು ಸುರಿಯುತ್ತಿತ್ತು. ಅಣ್ಣ ಜಗದೀಶನಿಗೆ ಬುತ್ತಿ ತಂದಿದ್ದ ವಿದ್ಯಾಶ್ರೀ ಬಾಯ್ಲರ್ ಕೋಣೆಯಲ್ಲೇ ಸಿಕ್ಕಿಕೊಂಡಳು. ಅಣ್ಣ ಒಬ್ಬನೇ ಬಾಯ್ಲರ್ ನಡೆಸುವ ಮೊದಲ ಪಾಳಿ ಇದು. ಎಡವಟ್ಟಾಗದಿದ್ದರೆ ಕೆಲಸ ಕಾಯಂ. ಅವನೋ ಗೋಡೆಗೆ ಒರಗಿ ಕುಳಿತು, ಹೊಸ ಟೊಪ್ಪಿಗೆ ಹಾಕಿಕೊಂಡು ಸೆಲ್ಫಿ ತೆಗೆಯುತ್ತಿದ್ದ.

ಮೂವತ್ತು ವರ್ಷ ಇದೇ ಬಾಯ್ಲರ್ ಕಾಯ್ದು ಈಗ ಚಹಾಕ್ಕಷ್ಟೇ ಬರುತ್ತಿದ್ದ ಉಸ್ಮಾನಸಾಬ, ಆಚೆ ಮೂಲೆಯ ಚೀಲದ ಮೇಲೆ ಕುಳಿತು, ಒಂದು ಕೈಯಲ್ಲಿ ಕಪ್, ಇನ್ನೊಂದರಲ್ಲಿ ಬಸಿ ಹಿಡಿದು ಶುರುಮಾಡಿದ.

"ಕೇಳವಾ ತಂಗಿ... ಬಾಯ್ಲರ್ ಅಂದ್ರ ಏನು? ಬಾಯಿ ಬಿಗಿದ ದೊಡ್ಡ ಹಂಡೆ, ಅಷ್ಟ. ಕೆಳಗ ಭತ್ತದ ಹೊಟ್ಟು ಉರೀತೈತಿ, ಒಳಗ ನೀರು ಉಗಿ ಆಗ್ತೈತಿ, ಆ ಉಗಿ ಪೈಪಿನಾಗ ಓಡಿ ಅಕಾ ಆ ಟಾಕಿಯೊಳಗಿನ ಭತ್ತ ಬೇಯಿಸ್ತೈತಿ... ಕುಸಬಲಕ್ಕಿ ಆಗೋದ ಹಿಂಗ. ನೀರಿದ್ರ ಇದು ಹಸುವಿನಂಗ. ನೀರು ತೀರಿದ್ರ? ಈ ತಗಡು ಶಿಗ್ಗಾಂವಿ ಬಸ್‌ಸ್ಟ್ಯಾಂಡಿನಾಗ ಹುಡುಕಬೇಕು!

"ನನ್ನ ಗುರು ಪರಮೇಶ್ವರಪ್ಪ ಭಾಳ ಖಡಕ್. ನೀರಿನ ಮಟ್ಟ ತೋರಸೋ ಆ ಗಾಜಿನ ನಳಗಿ ಐತೆಲ್ಲಾ, ಪಾಳಿ ಹಿಡಿದ ಕೂಡ್ಲೇ ಅದರ ಕೆಳಗಿನ ವಾಲ್ವ್ ತಿರುವಿ, ನೀರು ಬಿಟ್ಟು, ಮತ್ತ ಏರತೈತೇನು ನೋಡಬೇಕು. ನೋಡ್ಲಿಲ್ಲಾ... ಹಿಂದಿಂದ ತಲಿಗೆ ಟಪ್! 'ನೀರು ನೋಡೀಯೇನಲೇ?' ಅಂಥವ ಒಂದಿನ ಉಂಡು ಮಲಗಿದಾವ ಏಳಲೇ ಇಲ್ಲ. ಮೂರನೇ ದಿನ ಪಾಳಿ ನಂದು. ಮನಸ್ಸೆಲ್ಲಾ ಮಿರ್ಚಿ ಭಜಿ ಮ್ಯಾಲ. ನಳಗಿಯಾಗ ಅರ್ಧಕ್ಕ ಗೆರಿ ಕಾಣ್ತು, ನೀರೈತಿ ಅಂತ ಕುಂತೆ. ಭಜಿ ಬಾಯಿಗಿಡಬೇಕು... ಟಪ್! ಭಜಿ ಹೋಗಿ ಬೆಂಕಿಯಾಗ. ಹಿಂದ ಯಾರು? ಯಾರೂ ಇಲ್ಲ... ಓಡಿ ವಾಲ್ವ್ ತಿರುವಿದ್ರ ಹನಿ ನೀರಿಲ್ಲ! ಗೆರಿ ಮಾತ್ರ ಅಲ್ಲೇ ಐತಿ. ಅದು ನೀರಲ್ಲವಾ, ಗಾಜಿಗೆ ಹತ್ತಿದ ಕಂದು ಕಲಿ! ಬೆಂಕಿ ಹೊರಗೆಳೆದೆ, ಜೀವ ಉಳೀತು."

ಜಗದೀಶ ಬಿದ್ದುಬಿದ್ದು ನಕ್ಕ. "ಚಾಚಾ, ದೆವ್ವಕ್ಕೂ ಪಾಳಿ ಹಚ್ಚೀರೇನ್ರಿ?"

ಟಪ್!

ಹೊಸ ಟೊಪ್ಪಿಗೆ ಹಾರಿ, ತೆರೆದಿಟ್ಟ ಬುತ್ತಿಯೊಳಗಿನ ಪಲ್ಯಕ್ಕೆ ಬಿತ್ತು.

"ಚಾಚಾ, ಹೊಡಿಬ್ಯಾಡ್ರಿ!"

ವಿದ್ಯಾಶ್ರೀಯ ನಗು ಅರ್ಧಕ್ಕೇ ನಿಂತಿತು. ಚಾಚಾ ಆಚೆ ಮೂಲೆಯಲ್ಲಿದ್ದ. ಅಣ್ಣನ ಬೆನ್ನಿಗಿದ್ದದ್ದು ಗೋಡೆ.

"ಅಣ್ಣಾ... ವಾಲ್ವ್ ತಿರುವಿ ನೋಡೀಯೇನು?"

ಜಗದೀಶ ಮೊಬೈಲ್ ಅಲ್ಲೇ ಒಗೆದ. ಎದ್ದು ಓಡಿ ತಿರುವಿದ. ಹನಿ ನೀರಿಲ್ಲ. ಗಾಜಿನಲ್ಲಿ ಕಂದು ಗೆರೆ ಮಾತ್ರ ಹಾಗೇ ನಿಂತಿತ್ತು. ಅವನು ಉದ್ದನೆಯ ಸಲಾಕೆಯಿಂದ ಬೆಂಕಿಯನ್ನೆಲ್ಲ ಹೊರಗೆಳೆದ, ವಿದ್ಯಾಶ್ರೀ ಕೆಂಡಕ್ಕೆ ಕೊಡಗಟ್ಟಲೆ ನೀರು ಸುರಿದಳು. ಬಾಯ್ಲರ್ ಒಮ್ಮೆ ನರಳಿ ಸುಮ್ಮನಾಯಿತು.

ಉಸ್ಮಾನಸಾಬನ ಬಸಿಯಿಂದ ಒಂದು ತೊಟ್ಟೂ ಚೆಲ್ಲಿರಲಿಲ್ಲ.

"ನನ್ನ ಎರಡೂ ಕೈಯಾಗ ಚಾ ಐತಿ, ನೋಡ್ರಿ..." ಅವನು ಗೋಡೆಯತ್ತ ನೋಡಿ, ತಲೆ ಬಾಗಿಸಿ ಸಲಾಂ ಮಾಡಿದ. "ಪಾಳಿ ನಾವೇನು ಹಚ್ಚೋದು ತಮ್ಮಾ? ಅಂವ ಇನ್ನೂ ಬಿಟ್ಟೇ ಇಲ್ಲ..."